ಮದ್ದು ಹಾಕದ ಭರಣಿಗೆ ಒಳ್ಳೆ ತಳಿಯೇ ಬೇಕು: ಇಟಲಿಯ ದ್ರಾಕ್ಷಿ, ನಮ್ಮ ಅಪ್ಪೆಮಿಡಿ

ಈ ವಾರ ಸ್ವಲ್ಪ ದೂರದಿಂದ ಶುರು ಮಾಡ್ತೀನಿ. ಬಂದು ನಿಲ್ಲೋದು ಮಾತ್ರ ನಮ್ಮ ಹೊಳೆದಂಡೆಯಲ್ಲೇ. ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪು ಹೇಳಿಬಿಡ್ತೀನಿ.

ತೋಟಗಾರಿಕೆ ಪದವಿ ಮುಗಿಸಿ ಹೆಗ್ಗರಣೆ ಕಡೆಯ ನಮ್ಮ ಮನೆಗೆ ವಾಪಸ್ ಬಂದ ಮೊದಲ ವರ್ಷ, ಮೇಲಿನ ಬೇಣದಲ್ಲಿ ನೆಡೋಕೆ ಅಂತ ಇಪ್ಪತ್ತು ಅಪ್ಪೆಮಿಡಿ ಕಸಿ ಗಿಡ ಖರೀದಿ ಮಾಡಿ ತಂದೆ. ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟಿತ್ತು. ಹೆಸರು ದೊಡ್ಡದು, ಎಲ್ಲರೂ ಕೇಳೋ ತಳಿ. ಐದನೇ ವರ್ಷಕ್ಕೆ ಮಿಡಿ ಬಿಟ್ಟಿತು. ಅಜ್ಜಿ ಒಂದು ಮಿಡಿಯ ತೊಟ್ಟು ಮುರಿದು ಮೂಗಿನ ಹತ್ರ ಹಿಡಿದು, "ತಮಾ, ಇದ್ರಲ್ಲಿ ಸೊನೆನೇ ಇಲ್ಲೆ" ಅಂದರು. ನಾನು ಕೇಳಲಿಲ್ಲ. ಉಪ್ಪಿಗೆ ಹಾಕಿದೆ. ದೀಪಾವಳಿ ಹೊತ್ತಿಗೆ ಭರಣಿ ಬಿಚ್ಚಿದರೆ ಮಿಡಿ ಬೆರಳಲ್ಲಿ ಒತ್ತಿದರೆ ನುಣ್ಣಗಾಗೋಷ್ಟು ಮೆತ್ತಗಾಗಿತ್ತು.

ಇದಕ್ಕಿಂತ ದೊಡ್ಡ ನಷ್ಟ ಆಗಲೇ ಆಗಿಹೋಗಿತ್ತು. ನಮ್ಮ ತೋಟದ ಕೆಳಗೆ ಹಳ್ಳದ ಅಂಚಲ್ಲಿ ಒಂದು ಹಳೇ ಮರ ಇತ್ತು. ಮನೆಯಲ್ಲಿ ಅದಕ್ಕೆ 'ಹಳ್ಳದ ಅಪ್ಪೆ' ಅಂತಿದ್ದೆವು. ಅಜ್ಜಿ ಮದುವೆಯಾಗಿ ಬಂದಾಗಲೇ ಅದು ದೊಡ್ಡ ಮರವಂತೆ. ನಾನು ಕಸಿ ಗಿಡ ತಂದ ಮೂರನೇ ಮಳೆಗಾಲ ದಂಡೆ ಕುಸಿದು ಮರ ಬುಡಸಮೇತ ಹೋಯಿತು. ಒಂದೇ ಒಂದು ಕಸಿ ಕಡ್ಡಿ ತೆಗೆದಿಟ್ಟಿರಲಿಲ್ಲ. ಕಸಿ ಕಟ್ಟೋದನ್ನ ನಾಲ್ಕು ವರ್ಷ ಓದಿ ಪರೀಕ್ಷೆ ಬರೆದವನು ನಾನು. 'ಮುಂದಿನ ವರ್ಷ ಕಟ್ಟಿದರಾಯ್ತು' ಅಂದುಕೊಂಡಿದ್ದೆ. ಆ ಮರದ್ದು ಅಂತ ಈಗ ಉಳಿದಿರೋದು ಅಟ್ಟದ ಮೇಲಿನ ಒಂದು ಭರಣಿ ಉಪ್ಪುಮಿಡಿ. ಎಳೆ ಮಿಡಿಯ ಬೀಜ ಮೊಳೆಯೋದಿಲ್ಲ, ಹಾಗಾಗಿ ಅದರಿಂದ ಗಿಡ ಮಾಡೋ ದಾರಿಯೂ ಇಲ್ಲ.

ಈ ಕಥೆ ತಲೆಯಲ್ಲಿ ಇದ್ದಾಗಲೇ ಇಟಲಿಯ ದ್ರಾಕ್ಷಿ ಬೆಳೆಗಾರರ ಬಗ್ಗೆ ಓದಿದ್ದು. ಅವರದ್ದೂ ಇದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ.

ಇಟಲಿಯಲ್ಲಿ ಏನಾಯ್ತು?

ವೈನ್ ಕುಡಿಯೋ ವಿಚಾರ ಬದಿಗಿಡಿ, ಬೆಳೆಯೋ ವಿಚಾರ ಮಾತ್ರ ನೋಡೋಣ. ವೈನ್‌ಗೆ ಅಂತಲೇ ಬೆಳೆಯೋ ದ್ರಾಕ್ಷಿ ತಳಿಗಳು ಇಟಲಿಯ ಸರ್ಕಾರಿ ಪಟ್ಟಿಯಲ್ಲಿ ಐನೂರಕ್ಕೂ ಹೆಚ್ಚಿವೆ. ಒಂದು ಕಣಿವೆಯ ತಳಿ ಪಕ್ಕದ ಕಣಿವೆಯಲ್ಲಿ ಸಿಗದೇ ಇರಬಹುದು. 'ನೆಬ್ಬಿಯೋಲೊ' ಅನ್ನೋ ಕಪ್ಪು ದ್ರಾಕ್ಷಿ ಹೆಚ್ಚಾಗಿ ಬೆಳೆಯೋದು ವಾಯವ್ಯದ ಪಿಯೆಮಾಂಟೆ ಪ್ರಾಂತ್ಯದಲ್ಲಿ. ಬೇರೆ ಎಷ್ಟೋ ದೇಶದವರು ನೆಟ್ಟು ನೋಡಿದ್ದಾರೆ, ಅದೇ ರುಚಿ ಬಂದಿದ್ದು ಕಡಿಮೆ.

ಇಷ್ಟೆಲ್ಲ ಇದ್ದರೂ ಎರಡು ಸಲ ಅವರು ದೊಡ್ಡ ಪೆಟ್ಟು ತಿಂದರು. ಮೊದಲನೆಯದು ಫಿಲ್ಲಾಕ್ಸೆರಾ ಅನ್ನೋ ಬೇರು ತಿನ್ನೋ ಹೇನು. ಅಮೆರಿಕದಿಂದ ಯುರೋಪಿಗೆ ಬಂದ ಈ ಕೀಟ 1879ರಲ್ಲಿ ಇಟಲಿಯಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಸಿಕ್ಕ ಪರಿಹಾರ ಕಸಿ. ಕೀಟ ತಡೆಯೋ ಅಮೆರಿಕದ ದ್ರಾಕ್ಷಿಯ ಬೇರು, ಅದರ ಮೇಲೆ ತಮ್ಮ ದ್ರಾಕ್ಷಿಯ ಕಡ್ಡಿ. ಇವತ್ತಿಗೂ ಅಲ್ಲಿ ಬಹುತೇಕ ಬಳ್ಳಿ ನಿಂತಿರೋದು ಹೀಗೇ. ಆದರೆ ಸತ್ತ ತೋಟವನ್ನ ಮತ್ತೆ ನೆಡುವಾಗ ರೈತರು ಎಲ್ಲಾ ತಳಿಯನ್ನೂ ಕಸಿ ಕಟ್ಟಲಿಲ್ಲ, ಹೆಚ್ಚು ಇಳುವರಿ ಕೊಡೋವನ್ನ ಮಾತ್ರ ಕಟ್ಟಿದರು. ಕಡಿಮೆ ಕಾಯಿ ಬಿಡುವಂಥವು ಅಲ್ಲೇ ಹೋದವು. ಎರಡನೇ ಪೆಟ್ಟು ಮಾರುಕಟ್ಟೆಯದ್ದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಶಾರ್ಡನೆ, ಮೆರ್ಲೊ, ಕಾಬರ್ನೆ ಥರದ ಫ್ರೆಂಚ್ ತಳಿಗಳಿಗೆ ಜಗತ್ತಿನಾದ್ಯಂತ ಬೇಡಿಕೆ ಬಂತು. ಊರ ತಳಿ ಕಿತ್ತು ಅವನ್ನ ನೆಟ್ಟವರು ಬಹಳ.

ಇದರ ಮಧ್ಯೆ ಕೆಲವರು ಹಿಂದೆ ತಿರುಗಿ ನೋಡಿದರು. ಪಿಯೆಮಾಂಟೆಯ ತೊರ್ತೋನಾ ಗುಡ್ಡಗಳಲ್ಲಿ 'ತಿಮೊರಾಸೊ' ಅನ್ನೋ ಬಿಳಿ ದ್ರಾಕ್ಷಿ ಬೆರಳೆಣಿಕೆಯ ಸಾಲುಗಳಿಗೆ ಇಳಿದಿತ್ತು. ಕಾಯಿ ಸರಿಯಾಗಿ ಕಚ್ಚಲ್ಲ, ಇಳುವರಿ ಕಮ್ಮಿ. ವಾಲ್ಟರ್ ಮಾಸ್ಸಾ ಅನ್ನೋ ಬೆಳೆಗಾರ 1980ರ ದಶಕದಲ್ಲಿ ಅದನ್ನೇ ಹಿಡಿದು ವೈನ್ ಮಾಡಿದ. ಇವತ್ತು ಆ ಗುಡ್ಡದ ಹೆಸರು ಹೊರಗೆ ಗೊತ್ತಾಗಿರೋದೇ ತಿಮೊರಾಸೊದಿಂದ. ಅದೇ ದಶಕದಲ್ಲಿ ಮಾರ್ಕೆ ಪ್ರಾಂತ್ಯದ ಗ್ವಿದೊ ಕೊಕ್ಕಿ ಗ್ರಿಫೋನಿ, ಬೆಟ್ಟದ ಮೇಲಿನ ಆರ್ಕ್ವಾತಾ ಅನ್ನೋ ಊರಿನ ಹಳೇ ತೋಟವೊಂದರಿಂದ 'ಪೆಕೊರಿನೊ' ತಳಿಯ ಕಡ್ಡಿ ತಂದು ಕಸಿ ಕಟ್ಟಿದರು. ಇವತ್ತು ಮಧ್ಯ ಇಟಲಿಯ ಎಷ್ಟೋ ತೋಟಗಳಲ್ಲಿ ಪೆಕೊರಿನೊ ಇದೆ. ಶುರುವಾಗಿದ್ದು ಸಮಯಕ್ಕೆ ಸರಿಯಾಗಿ ಕತ್ತರಿಸಿ ತಂದ ಒಂದು ಕಟ್ಟು ಕಡ್ಡಿಯಿಂದ.

ನೈಸರ್ಗಿಕ ವೈನ್‌ಗೂ ತಳಿಗೂ ಏನು ಸಂಬಂಧ?

ಅಲ್ಲಿ 'ನೈಸರ್ಗಿಕ ವೈನ್' ಮಾಡೋ ಸಣ್ಣ ಬೆಳೆಗಾರರ ಒಂದು ಗುಂಪಿದೆ. ಅವರ ಕ್ರಮ ಸರಳ. ತೋಟದಲ್ಲಿ ರಾಸಾಯನಿಕ ಇಲ್ಲ. ರಸ ಹುದುಗೋಕೆ ಪ್ಯಾಕೆಟ್ ಯೀಸ್ಟ್ ಹಾಕಲ್ಲ, ಹಣ್ಣಿನ ಸಿಪ್ಪೆಯ ಮೇಲೆ, ಮಾಡೋ ಜಾಗದಲ್ಲಿ ಇರೋ ಯೀಸ್ಟೇ ಕೆಲಸ ಮಾಡಬೇಕು. ಬಣ್ಣ, ಹುಳಿ, ಪರಿಮಳ ಸರಿಪಡಿಸೋ ಪುಡಿಗಳಿಲ್ಲ. ಕೆಡದಂತೆ ಹಾಕೋ ಗಂಧಕದ ಅಂಶವೂ ಇಲ್ಲ, ಅಥವಾ ಬಹಳ ಕಮ್ಮಿ. ಫ್ರಿಯುಲಿ ಪ್ರಾಂತ್ಯದ ಓಸ್ಲಾವಿಯಾದಲ್ಲಿ ಯೋಸ್ಕೊ ಗ್ರಾವ್ನೆರ್ ಅನ್ನೋರು 2001ರಿಂದ ತಮ್ಮೂರಿನ 'ರಿಬೊಲ್ಲಾ' ದ್ರಾಕ್ಷಿಯನ್ನ ಸಿಪ್ಪೆ ಸಮೇತ, ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಹಂಡೆಗಳಲ್ಲಿ ತಿಂಗಳುಗಟ್ಟಲೆ ಇಡ್ತಾರೆ. ಹಂಡೆ ತರಿಸಿದ್ದು ಜಾರ್ಜಿಯಾ ದೇಶದಿಂದ, ಅಲ್ಲಿ ಇದು ಸಾವಿರಾರು ವರ್ಷದ ಪದ್ಧತಿ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಪುಡಿ, ಮದ್ದು ಹಾಕಿ ಮಾಡುವವನಿಗೆ ಯಾವ ದ್ರಾಕ್ಷಿ ಆದರೂ ನಡೆಯುತ್ತೆ. ಹುಳಿ ಕಮ್ಮಿಯಾದರೆ ಹುಳಿ ಸೇರಿಸಬಹುದು, ಕೆಡೋ ಹಾಗಿದ್ದರೆ ತಡೆಯಬಹುದು. ಏನೂ ಹಾಕಲ್ಲ ಅಂತ ಕೂತವನಿಗೆ ಆ ಹುಳಿ, ಆ ಗಟ್ಟಿ ಸಿಪ್ಪೆ, ಆ ಪರಿಮಳ ಎಲ್ಲಾ ಹಣ್ಣಲ್ಲೇ ಇರಬೇಕು. ಆ ಮಣ್ಣು, ಆ ಹವೆಗೆ ನೂರಾರು ವರ್ಷ ಹೊಂದಿಕೊಂಡ ತಳಿಯಲ್ಲಿ ಅದು ಸಿಗುತ್ತೆ. ಹಾಗಾಗಿ ನೈಸರ್ಗಿಕ ವೈನ್ ಮಾಡುವವರಲ್ಲಿ ಬಹಳಷ್ಟು ಜನ ಊರ ತಳಿ ಹುಡುಕಿಕೊಂಡು ಹೋಗಿದ್ದಾರೆ.

ನಮ್ಮ ಭರಣಿಯ ಲೆಕ್ಕವೂ ಅದೇ

ನಮ್ಮ ಘಟ್ಟದ ಮಳೆಯಲ್ಲಿ ವೈನ್ ದ್ರಾಕ್ಷಿ ಬೆಳೆಯೋದು ಸುಲಭ ಅಲ್ಲ, ಆ ಆಸೆ ಬೇಡ. ಆದರೆ ಮದ್ದು ಹಾಕದೆ ವರ್ಷಗಟ್ಟಲೆ ಇಡೋ ಕಲೆ ನಮ್ಮ ಮನೆಗಳಲ್ಲೇ ಇದೆ. ಉಪ್ಪುಮಿಡಿ.

ನಮ್ಮನೆ ಲೆಕ್ಕ ತೂಕದಲ್ಲಿ ನಾಲ್ಕು ಕೆ.ಜಿ. ಮಿಡಿಗೆ ಒಂದು ಕೆ.ಜಿ. ಹರಳುಪ್ಪು. ಪದರ ಪದರವಾಗಿ ಹಾಕಿ, ಮೇಲೆ ಭಾರ ಇಟ್ಟರೆ ಉಪ್ಪು ಮಿಡಿಯ ನೀರನ್ನ ಹೊರಗೆ ಎಳೆಯುತ್ತೆ. ಎರಡು ಮೂರು ವಾರದಲ್ಲಿ ಮಿಡಿ ಚಿರುಟಿ, ತನ್ನ ನೀರಲ್ಲೇ ಮುಳುಗಿರುತ್ತೆ. ವೈನ್‌ನಲ್ಲಿ ಯೀಸ್ಟ್ ಸಕ್ಕರೆಯನ್ನ ಹುದುಗಿಸುತ್ತೆ. ಇಲ್ಲಿ ಅಷ್ಟು ಉಪ್ಪಿರೋದರಿಂದ ಹುದುಗು ಕಮ್ಮಿ, ಉಪ್ಪು ಮತ್ತು ಹುಳಿ ಸೇರಿ ಕೆಡಿಸೋ ಸೂಕ್ಷ್ಮಜೀವಿಗಳನ್ನ ತಡೆಯುತ್ತವೆ. ಜೊತೆಗೆ ಸೊನೆ. ಮಾವಿನ ಸೊನೆಯಲ್ಲಿ ಟರ್ಪೀನ್ ಅನ್ನೋ ತೈಲದ ಅಂಶಗಳಿರುತ್ತವೆ. ಜೀರಿಗೆಯೋ, ಕರ್ಪೂರವೋ ಅನ್ನೋ ಆ ಘಮ ಬರೋದು ಅಲ್ಲಿಂದ. ನಮ್ಮ ಹಿರಿಯರು ಮಿಡಿಯನ್ನ ನೆಲಕ್ಕೆ ಬೀಳಿಸದೆ, ಒಂದಿಂಚು ತೊಟ್ಟು ಬಿಟ್ಟು ಕೊಯ್ದು, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸ್ತಿದ್ದದ್ದು ಸೊನೆ ಸೋರಬಾರದು ಅಂತ.

ಅಂಗಡಿ ಉಪ್ಪಿನಕಾಯಿಯ ಬಾಟಲಿ ತಿರುಗಿಸಿ ಓದಿ. ಸೋಡಿಯಂ ಬೆಂಜೋಯೇಟ್, ಅಸಿಟಿಕ್ ಆಮ್ಲ ಅಂತ ಎಷ್ಟೋ ಬಾಟಲಿಗಳ ಮೇಲೆ ಬರೆದಿರುತ್ತೆ. ಅವನ್ನ ಹಾಕಿದರೆ ಯಾವ ಮಾವಿನ ಕಾಯಿ ಆದರೂ ತಾಳುತ್ತೆ. ನಮ್ಮ ಭರಣಿಗೆ ಹಾಗಲ್ಲ. ಹುಳಿ, ಸೊನೆ, ಗಟ್ಟಿ ತಿರುಳು ಮೂರೂ ಇರೋ ಮಿಡಿ ಮಾತ್ರ ವರ್ಷ ದಾಟಿ ಗರಿಗರಿಯಾಗಿ ಉಳಿಯುತ್ತೆ. ನನ್ನ ಇಪ್ಪತ್ತು ಗಿಡದ ಮಿಡಿ ಮೆತ್ತಗಾಗಿದ್ದಕ್ಕೆ ಉಪ್ಪಿನ ಅಳತೆ ಕಾರಣ ಆಗಿರಲಿಲ್ಲ. ತಳಿಯೇ ಬೇರೆ ಇತ್ತು.

ಇಷ್ಟೊಂದು ತಳಿ ಎಲ್ಲಿಂದ ಬಂತು?

ಹೆಸರುಗಳನ್ನ ಒಮ್ಮೆ ಓದಿ ನೋಡಿ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ಕಂಚಪ್ಪೆ, ದೊಂಬೆಸರ ಜೀರಿಗೆ, ಅಡ್ಡೇರಿ ಜೀರಿಗೆ, ಭೀಮನಗುಂಡಿ, ಚೆನ್ನಿಗನತೋಟ. ಹೆಚ್ಚಿನವು ಒಂದು ಊರಿನ, ಒಂದು ಜಾಗದ ಅಥವಾ ಒಬ್ಬ ಮನುಷ್ಯನ ಹೆಸರು. ಒಂದು ಕಾಲದಲ್ಲಿ ಅಲ್ಲಿ ನಿಂತಿದ್ದ ಒಂದು ಮರದ ಗುರುತು ಅದು.

ಇದಕ್ಕೆ ಕಾರಣ ಇದೆ. ನಮ್ಮ ಕಡೆಯ ಮಾವಿನ ಗೊರಟೆಯಲ್ಲಿ ಸಾಮಾನ್ಯವಾಗಿ ಒಂದೇ ಮೊಳಕೆ, ಅದು ಸಾಮಾನ್ಯವಾಗಿ ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ಸೇರಿ ಆದದ್ದು. ಹಾಗಾಗಿ ಗೊರಟೆಯಿಂದ ಹುಟ್ಟಿದ ಗಿಡ ತಾಯಿಯ ಹಾಗೇ ಇರಬೇಕು ಅಂತೇನಿಲ್ಲ. ಅಘನಾಶಿನಿ, ಬೇಡ್ತಿ, ವರದಾ, ಶರಾವತಿ ದಂಡೆಗಳಲ್ಲಿ ನೀರು, ಪ್ರಾಣಿ, ಮನುಷ್ಯ ಒಯ್ದು ಬಿಟ್ಟ ಗೊರಟೆಗಳಿಂದ ಎದ್ದ ಒಂದೊಂದು ಮರವೂ ಒಂದೊಂದು ಥರ. ಸಾವಿರದಲ್ಲಿ ಕೆಲವು ಮಾತ್ರ ಭರಣಿಗೆ ಒಗ್ಗಿದವು. ಅವನ್ನ ಗುರುತಿಸಿ ಹೆಸರಿಟ್ಟಿದ್ದು ಮಿಡಿ ಕೊಯ್ಯುವವರು ಮತ್ತು ಅಡಿಗೆಮನೆಯ ಹೆಂಗಸರು. ದ್ರಾಕ್ಷಿಯೂ ಬೀಜದಿಂದ ತಾಯಿಯ ಹಾಗೇ ಬರಲ್ಲ. ಎರಡರಲ್ಲೂ ತಳಿ ಉಳಿಸೋ ದಾರಿ ಕಡ್ಡಿ ಮಾತ್ರ.

ನಮಗೊಂದು ಅದೃಷ್ಟ ಇದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಮುಳುಗಿದ ದಂಡೆಯಲ್ಲಿ ಯಾವ ಮರ ಇತ್ತು ಅಂತ ಈಗ ಹುಡುಕೋಕೆ ಆಗಲ್ಲ. ಶಿರಸಿ ಹತ್ತಿರ ಹುಟ್ಟೋ ಅಘನಾಶಿನಿಗೆ ಮಾತ್ರ ದೊಡ್ಡ ಅಣೆಕಟ್ಟು ಇಲ್ಲ. ನಮ್ಮ ಹೆಗ್ಗರಣೆ ಪಕ್ಕದ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಹಾಗೇ ಸಮುದ್ರಕ್ಕೆ ಹೋಗುತ್ತೆ. ಇದರ ದಂಡೆ, ಹಳ್ಳಗಳಲ್ಲಿ ಇನ್ನೂ ಹೆಸರಿಡದ ಮರಗಳಿವೆ.

ಹಾಗಾದರೆ ಅಪಾಯ ಎಲ್ಲಿದೆ?

ಒಂದು, ಕೊಯ್ಲು. ಮಿಡಿಗೆ ಬೆಲೆ ಬಂದ ಮೇಲೆ ಹತ್ತಿ ಕೊಯ್ಯೋ ತಾಳ್ಮೆ ಇಲ್ಲದವರು ಟೊಂಗೆಯನ್ನೇ ಕಡಿದು ಇಳಿಸ್ತಾರೆ. ಹಾಗೆ ಕಡಿಸಿಕೊಂಡ ಮರ ವರ್ಷಗಟ್ಟಲೆ ಸುಧಾರಿಸಲ್ಲ.

ಎರಡು, ಮುಪ್ಪು. ದಂಡೆಯ ದೊಡ್ಡ ಮರಗಳು ಹಳೆಯವು. ಒಂದು ಮಳೆಗಾಲ ಸಾಕು.

ಮೂರನೆಯದು ನಮ್ಮಂಥ ಯುವ ಕೃಷಿಕರಿಂದಲೇ ಬರೋದು. ಎಲ್ಲರೂ ಹೆಸರಾದ ಒಂದೋ ಎರಡೋ ತಳಿಯ ಕಸಿಯನ್ನೇ ನೆಡ್ತಿದ್ದೇವೆ. ಆ ತಳಿಗಳು ಒಳ್ಳೆಯವೇ, ಬೇಡ ಅನ್ನಲ್ಲ. ಆದರೆ ಒಂದೇ ತಳಿ ಅಂದರೆ ಒಂದೇ ಹೊತ್ತಿಗೆ ಹೂವು. ಅಕಾಲದ ಮಳೆಯೋ, ಮೋಡವೋ ಆ ಒಂದು ವಾರ ಬಂದರೆ ಇಡೀ ಸೀಮೆಯ ಫಸಲು ಹೋಗುತ್ತೆ. ಮುಂಚೆ ಬಿಡೋದು, ತಡವಾಗಿ ಬಿಡೋದು ನಾಲ್ಕು ಥರ ಇದ್ದರೆ ಎರಡಾದರೂ ಕೈಗೆ ಸಿಗುತ್ತವೆ. ಫಿಲ್ಲಾಕ್ಸೆರಾ ಬಂದ ಮೇಲೆ ಇಟಲಿಯವರು ಕಳಕೊಂಡಿದ್ದನ್ನ ನಾವು ಯಾವ ಕೀಟವೂ ಇಲ್ಲದೆ ಕಳಕೊಳ್ಳೋ ದಾರಿಯಲ್ಲಿದ್ದೇವೆ.

ಈ ವರ್ಷ ನೀವು ಮಾಡಬೇಕಾದ್ದು

1. ಮರ ಗುರುತಿಸಿ. ಮಿಡಿ ಕಾಲದಲ್ಲಿ ನಿಮ್ಮ ತೋಟ, ಬೇಣ, ಹಳ್ಳದ ಅಂಚಿನ ಅಪ್ಪೆ ಮರಗಳನ್ನ ಮನೆಯ ಹಿರಿಯರ ಜೊತೆ ಹೋಗಿ ನೋಡಿ. ಯಾವ ಮರದ ಮಿಡಿ ವರ್ಷ ತಾಳ್ತಿತ್ತು, ವರ್ಷ ಬಿಟ್ಟು ವರ್ಷ ಬಿಡುತ್ತಾ, ಮನೆಯಲ್ಲಿ ಏನು ಹೆಸರು ಅಂತ ಕೇಳಿ. ಅವರು ಮಾತಾಡೋದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ.

2. ದಾಖಲೆ ಇಡಿ. ಮರದ ಫೋಟೊ, ಲೊಕೇಶನ್, ಹೂ ಬಿಟ್ಟ ದಿನ, ಮಿಡಿಯನ್ನ ಸ್ಕೇಲ್ ಪಕ್ಕ ಇಟ್ಟ ಫೋಟೊ, ತೊಟ್ಟು ಮುರಿದಾಗಿನ ವಾಸನೆ. ಮರಕ್ಕೊಂದು ಫೋಲ್ಡರ್ ಮಾಡಿದರೆ ಸಾಕು.

3. ಭರಣಿ ಪರೀಕ್ಷೆ ಮಾಡಿ. ಒಂದೊಂದು ಮರದ ನೂರು ಮಿಡಿಯನ್ನ ಬೇರೆ ಬೇರೆ ಜಾಡಿಯಲ್ಲಿ, ಒಂದೇ ಅಳತೆ ಉಪ್ಪಲ್ಲಿ ಹಾಕಿ, ಮೇಲೆ ಹೆಸರು, ತಾರೀಕು ಬರೆದಿಡಿ. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಕಚ್ಚಿ ನೋಡಿ. ನೋಟಕ್ಕೆ ಚೆಂದ ಇರೋ ಮಿಡಿ ಇಲ್ಲಿ ಸೋಲೋದು ಎಷ್ಟೋ ಸಲ.

4. ಕಡ್ಡಿ ತಯಾರಿ ಮಾಡಿ. ಹಳೇ ಮರದಲ್ಲಿ ಒಳ್ಳೆ ಚಿಗುರು ಸಿಗೋದು ಕಷ್ಟ. ಬಿಸಿಲು ಬೀಳೋ ಒಂದು ಸಣ್ಣ ರೆಂಬೆಯನ್ನ ಮೊದಲೇ ಸವರಿದರೆ ಹೊಸ ಚಿಗುರು ಬರುತ್ತೆ. ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ, ತುದಿ ಮೊಗ್ಗು ಉಬ್ಬಿದ ಕಡ್ಡಿ ಆರಿಸಿ. ಕತ್ತರಿಸೋ ವಾರ ಹತ್ತು ದಿನ ಮೊದಲು ತೊಟ್ಟು ಬಿಟ್ಟು ಎಲೆ ಸವರಿಡಿ. ಕತ್ತರಿಸಿದ ಕಡ್ಡಿಯನ್ನ ಒದ್ದೆ ಬಟ್ಟೆ, ಬಾಳೆ ಪಟ್ಟೆಯಲ್ಲಿ ಸುತ್ತಿ, ಎರಡು ಮೂರು ದಿನದೊಳಗೆ ಕಟ್ಟಿಬಿಡಿ.

5. ಕಸಿ ಕಟ್ಟಿ. ಜೂನ್‌ನಿಂದ ಆಗಸ್ಟ್, ಹವೆಯಲ್ಲಿ ತೇವ ಇರೋ ಕಾಲ. ಊರ ಕಾಟು ಮಾವಿನ ಗೊರಟೆಯ ಸಸಿಯ ಮೃದು ಕಾಂಡವನ್ನ ಕತ್ತರಿಸಿ ನಡುವೆ ಸೀಳಿ, ಕಡ್ಡಿಯ ಬುಡವನ್ನ ಮೂರು ನಾಲ್ಕು ಸೆಂ.ಮೀ. ಬೆಣೆಯಂತೆ ಕೆತ್ತಿ ಕೂರಿಸಿ. ಒಂದು ಬದಿಯ ತೊಗಟೆಯಾದರೂ ಸರಿಯಾಗಿ ಕೂಡಲೇಬೇಕು. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಸಣ್ಣ ಕವರ್ ಟೋಪಿ ಹಾಕಿ ನೆರಳಲ್ಲಿಡಿ. ಮೂರು ನಾಲ್ಕು ವಾರದಲ್ಲಿ ಚಿಗುರಿದರೆ ಟೋಪಿ ತೆಗೆಯಿರಿ. ಒಂದು ಮರಕ್ಕೆ ಹತ್ತು ಕಟ್ಟಿ, ನಾಲ್ಕು ಬದುಕಿದರೂ ತಳಿ ಉಳಿದ ಹಾಗೆ.

6. ಒಂದೇ ಕಡೆ ಇಡಬೇಡಿ. ಎರಡು ಗಿಡ ನಿಮ್ಮಲ್ಲಿ, ಎರಡು ಅಕ್ಕನ ಮನೆಯಲ್ಲೋ, ಗೆಳೆಯನ ತೋಟದಲ್ಲೋ.

ಮರ ಬೀಳೋ ಹಾಗಿದೆಯಾ? ಹಾಗಿದ್ದರೆ ಭರಣಿ ಪರೀಕ್ಷೆ ಮುಗಿಯೋ ತನಕ ಕಾಯಬೇಡಿ. ಮೊದಲು ಕಸಿ ಕಟ್ಟಿ, ಪರೀಕ್ಷೆ ಆಮೇಲೆ. ಮರ ಕಾಡಲ್ಲೋ, ಸೊಪ್ಪಿನ ಬೆಟ್ಟದಲ್ಲೋ ಇದ್ದರೆ ಅರಣ್ಯ ಇಲಾಖೆಯವರನ್ನ ಕೇಳಿಯೇ ಕಡ್ಡಿ ತೆಗೆಯಿರಿ. ಕಸಿ ಖರೀದಿ ಮಾಡುವಾಗ ತಾಯಿ ಮರ ಎಲ್ಲಿದೆ ಅಂತ ಕೇಳಿ. ತೋರಿಸೋಕೆ ಆಗದಿದ್ದರೆ ಚೀಟಿಯ ಮೇಲಿನ ಹೆಸರನ್ನ ನಂಬಬೇಡಿ.

ಹೆಸರು ನಮ್ಮದಾಗಲಿ

ಇಟಲಿ 1963ರಲ್ಲೇ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಯಾವ ಸೀಮೆ, ಯಾವ ತಳಿ ಅನ್ನೋದು ಸರಿಯಾಗಿದ್ದರೆ ಮಾತ್ರ ಆ ಹೆಸರು. ನಮ್ಮ ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿದ್ದು 2009ರಲ್ಲಿ. ಆದರೆ ಗುರುತು ಸಿಕ್ಕಿದ ಮಾತ್ರಕ್ಕೆ ನಿಮ್ಮ ಬಾಟಲಿಗೆ ಅದು ಬರಲ್ಲ, ಬೆಳೆಗಾರರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಅಷ್ಟೇ ಅಲ್ಲ, 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಾವು ಉಳಿಸಿಕೊಂಡು ಬಂದ ತಳಿಯನ್ನ ರೈತ ತಳಿ ಅಂತ ನೋಂದಾಯಿಸಬಹುದು. ಮೇಲೆ ಹೇಳಿದ ಫೋಟೊ, ದಿನಾಂಕ, ಭರಣಿ ದಾಖಲೆ ಆಗ ಕೆಲಸಕ್ಕೆ ಬರುತ್ತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅಪ್ಪೆಮಿಡಿ ತಳಿಗಳನ್ನ ಸಂಗ್ರಹಿಸಿ ಬೆಳೆಸಿದ್ದಾರೆ. ಆದರೆ ನಮ್ಮ ಹಳ್ಳದ ಮರ ಅವರಿಗೆ ಗೊತ್ತಾಗೋದು ನಾವು ಹೇಳಿದರೆ ಮಾತ್ರ.

ಮಾರುವಾಗಲೂ ಬರೀ 'ಅಪ್ಪೆಮಿಡಿ' ಅಂತ ಬರೆಯಬೇಡಿ. ಯಾವ ಮರ, ಯಾವ ಊರು, ಯಾವ ವರ್ಷದ ಉಪ್ಪು ಅಂತ ಬರೆಯಿರಿ. ಅಪ್ಪೆಹುಳಿ ಕುಡಿದು ಬೆಳೆದವರು ಬೆಂಗಳೂರಲ್ಲಿ ಬಹಳ ಜನ ಇದ್ದಾರೆ, ಅವರಿಗೆ ಈ ವ್ಯತ್ಯಾಸ ಗೊತ್ತಾಗುತ್ತೆ.

ನಾನು ಕಳೆದ ಎರಡು ಮಳೆಗಾಲದಲ್ಲಿ ನೆರೆಮನೆಯವರ ಎರಡು ಹಳೇ ಮರಗಳಿಂದ ಕಸಿ ಕಟ್ಟಿದ್ದೀನಿ. ಒಂದರದ್ದು ಆರು, ಇನ್ನೊಂದರದ್ದು ಮೂರು ಬದುಕಿವೆ. ನನ್ನ ಇಪ್ಪತ್ತು ಗಿಡಗಳಲ್ಲಿ ಹನ್ನೆರಡನ್ನ ಈ ಜೂನ್‌ನಲ್ಲಿ ಸವರಿ, ಬಂದ ಹೊಸ ಚಿಗುರಿನ ಮೇಲೆ ಅದೇ ತಳಿಗಳನ್ನ ಕಟ್ಟೋ ಯೋಚನೆ ಇದೆ. ಹೇಗಾಯ್ತು ಅಂತ ಮಳೆಗಾಲ ಮುಗಿದ ಮೇಲೆ ಬರೀತೀನಿ. ಹಳ್ಳದ ಅಪ್ಪೆಯ ಭರಣಿಯಲ್ಲಿ ಇನ್ನು ಮೂವತ್ತು ಮಿಡಿಯಷ್ಟು ಇರಬಹುದು. ಹಬ್ಬಕ್ಕೊಂದು ತೆಗೀತೀವಿ.

ನಿಮ್ಮ ಮನೆಯ ಹತ್ರ ಅಂಥ ಮರ ಇದ್ದರೆ, ಇವತ್ತು ಸಂಜೆ ಹೋಗಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕಡ್ಡಿ ತೆಗೆಯೋ ತಾರೀಕನ್ನ ಮೊಬೈಲಲ್ಲಿ ಅಲಾರಾಂ ಹಾಕಿ. ಮುಂದಿನ ವರ್ಷಕ್ಕೆ ಹಾಕಬೇಡಿ, ಈ ಜೂನ್‌ಗೇ ಹಾಕಿ.